15 ಸಾವಿರದಲ್ಲಿ ಸಿಸಿಎನ್‌ಎ ಲ್ಯಾಬ್: ಈ ಹಳೇ ರೂಟರ್ ಕಿಟ್ ತಗೊಳ್ಳಲಾ, ಬೇಡವಾ?

ಗಂಗಾವತಿ_ಗೆಳೆಯ (ಶನಿವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ಒಂದು ಸಿಸಿಟಿವಿ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡಿಪ್ಲೊಮಾ ಮುಗಿದು ಎರಡು ವರ್ಷ ಆಯಿತು. ರೈಸ್ ಮಿಲ್‌ಗಳಿಗೆ ಕ್ಯಾಮೆರಾ ಹಾಕುವುದು, ಕೇಬಲ್ ಎಳೆಯುವುದು, ಡಿವಿಆರ್ ಪಾಸ್‌ವರ್ಡ್ ಮರೆತವರಿಗೆ ರಿಸೆಟ್ ಮಾಡಿ ಕೊಡುವುದು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಈ ವರ್ಷ ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ) ಬರೆಯಲೇಬೇಕು ಅಂತ ಕೂತಿದ್ದೇನೆ.

ಮನೆಯಲ್ಲೇ ಲ್ಯಾಬ್ ಮಾಡಲು 15 ಸಾವಿರ ಕೂಡಿಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ಒಬ್ಬರು 'ಸಿಸಿಎನ್‌ಎ ಕಿಟ್' ಅಂತ 14,500ಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಅದರಲ್ಲಿ ಇರುವುದು: ಸಿಸ್ಕೋ 1841 ರೂಟರ್ ಎರಡು, 2611ಎಕ್ಸ್‌ಎಂ ಒಂದು, 2950 ಸ್ವಿಚ್ ಎರಡು, ಸೀರಿಯಲ್ ಕಾರ್ಡು, ಸೀರಿಯಲ್ ಕೇಬಲ್ ಮೂರು, ಒಂದು ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪ್‌ನಿಂದ ಬಾಕ್ಸ್‌ಗೆ ಕಮಾಂಡ್ ಕೊಡುವ ವೈರು). ನನ್ನ ಲ್ಯಾಪ್‌ಟಾಪ್ ಹಳೇ ಐ3, ರ‍್ಯಾಮ್ 4 ಜಿಬಿ.

ಕೋಚಿಂಗ್ ಕೇಳಲು ಹೋದ ಕಡೆ 'ನಿಜವಾದ ರೂಟರ್ ಮುಟ್ಟದವನಿಗೆ ಯಾರೂ ಕೆಲಸ ಕೊಡುವುದಿಲ್ಲ' ಅಂದರು. ಅದು ಮನಸ್ಸಿನಲ್ಲಿ ಕೊರೆಯುತ್ತಿದೆ. ತಗೊಳ್ಳಲಾ?

ಸುಮ್ನೆ_ಓದುವವ (9:52)

ತಡಿ ಮಾರಾಯ. ರೊಕ್ಕ ಕಳಿಸಿಲ್ಲ ತಾನೆ?

ಗಂಗಾವತಿ_ಗೆಳೆಯ (9:53)

ಇಲ್ಲ ಅಣ್ಣ. ನಾಳೆ ಅಡ್ವಾನ್ಸ್ ಹಾಕು ಅಂದಿದ್ದಾರೆ.

ಕೌಲ್‌ಬಜಾರ್_ಕೇಬಲ್ (10:30)

ತಮ್ಮಾ, ಅಡ್ವಾನ್ಸ್ ಹಾಕಬೇಡ. ಬಳ್ಳಾರಿಯಲ್ಲಿದ್ದೇನೆ, ಹನ್ನೆರಡು ವರ್ಷದಿಂದ ಇದೇ ಕೆಲಸ. ಮೊದಲು ಆ ಪಟ್ಟಿಯನ್ನೇ ನೋಡೋಣ.

2950 ಸ್ವಿಚ್ ಮುದುಕ. ಅದರ ಐಒಎಸ್ (ಸಿಸ್ಕೋ ಬಾಕ್ಸ್ ಓಡಿಸುವ ಸಾಫ್ಟ್‌ವೇರ್) 12.1ಕ್ಕೇ ನಿಂತಿದೆ. ಕೈಗೆ ಬರುವ ಬಹಳಷ್ಟು 2950ಗಳಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಕೂಡ ಇರುವುದಿಲ್ಲ. ಪರೀಕ್ಷೆಯಲ್ಲಿ ಎಸ್‌ಎಸ್‌ಎಚ್ ಹಾಕು ಅಂತಾನೇ ಕೇಳುತ್ತಾರೆ. 2611ಎಕ್ಸ್‌ಎಂ ಕೂಡ ಮುದುಕನೇ. ಐಒಎಸ್ 15 ಅದರಲ್ಲಿ ಓಡುವುದೇ ಇಲ್ಲ. 1841 ಪರವಾಗಿಲ್ಲ, 15.1ರ ತನಕ ಹೋಗುತ್ತದೆ, ಆದರೆ ಫ್ಲ್ಯಾಷ್ ಕಾರ್ಡು, ಮೆಮೊರಿ ಸಾಲಬೇಕು. ಮಾರುವವರು ಚಿಕ್ಕ ಕಾರ್ಡು ಹಾಕಿ ಕಳಿಸಿರುತ್ತಾರೆ.

ಇನ್ನು ಸೀರಿಯಲ್ ಕೇಬಲ್. ಈಗಿನ ಪರೀಕ್ಷೆ 200-301. 2020ರ ಫೆಬ್ರವರಿಯಲ್ಲಿ ಶುರುವಾಯಿತು. ಸೀರಿಯಲ್ ಲಿಂಕ್ ಮೇಲೆ ಓಡುತ್ತಿದ್ದ ಫ್ರೇಮ್ ರಿಲೇ ಅದಕ್ಕೂ ಮೊದಲೇ ಹೋಗಿತ್ತು. ರೂಟರ್‌ಗಳು ದಾರಿ ಹಂಚಿಕೊಳ್ಳುವ ಆರ್‌ಐಪಿ, ಇಐಜಿಆರ್‌ಪಿ ಕಾನ್ಫಿಗರ್ ಮಾಡುವುದೂ ಹೋಯಿತು. ಉಳಿದಿರುವುದು ಸ್ಟ್ಯಾಟಿಕ್ ರೂಟ್ (ಕೈಯಿಂದ ಬರೆಯುವ ದಾರಿ) ಮತ್ತು ಒಂದೇ ಏರಿಯಾದ ಒಎಸ್‌ಪಿಎಫ್ (ರೂಟರ್‌ಗಳು ತಾವೇ ದಾರಿ ಕಲಿಯುವ ಪದ್ಧತಿ). ಕ್ಲಾಕ್ ರೇಟ್ ಹೊಡೆದು ಸೀರಿಯಲ್ ಲಿಂಕ್ ಎಬ್ಬಿಸುವ ಮಜಾ ನಮ್ಮ ಕಾಲಕ್ಕೆ ಮುಗಿಯಿತು. ಆ ಕಿಟ್‌ನಲ್ಲಿ ಕಾಲು ಭಾಗದಷ್ಟು ರೊಕ್ಕ ಆ ಕೇಬಲ್ಲು, ಕಾರ್ಡುಗಳಿಗೇ ಹೋಗುತ್ತದೆ. ನಿನಗೆ ಉಪಯೋಗ ಸೊನ್ನೆ.

ಅಂಕ ಎಲ್ಲಿದೆ ನೋಡು. ಐಪಿ ಕನೆಕ್ಟಿವಿಟಿ 25%, ನೆಟ್‌ವರ್ಕ್ ಬೇಸಿಕ್ 20%, ಸ್ವಿಚಿಂಗ್ ಮತ್ತು ವೈರ್‌ಲೆಸ್ ಇರುವ ನೆಟ್‌ವರ್ಕ್ ಆಕ್ಸೆಸ್ 20%, ಸೆಕ್ಯುರಿಟಿ 15%, ಐಪಿ ಹಂಚುವುದು, ವಿಳಾಸ ಬದಲಿಸುವುದು, ಗಡಿಯಾರ ಹೊಂದಿಸುವುದು (ಡಿಎಚ್‌ಸಿಪಿ, ನ್ಯಾಟ್, ಎನ್‌ಟಿಪಿ) ಇರುವ ಭಾಗ 10%, ಆಟೊಮೇಷನ್ 10%. 2024ರ ಆಗಸ್ಟ್‌ನಲ್ಲಿ 1.1 ಅಂತ ಸಣ್ಣ ತಿದ್ದುಪಡಿ ಬಂತು. ಆಟೊಮೇಷನ್ ಟೂಲ್‌ಗಳಲ್ಲಿ ಪಪೆಟ್, ಶೆಫ್ ಹೋಗಿ ಟೆರಾಫಾರ್ಮ್ ಸೇರಿತು, ಎಐ ಬಗ್ಗೆ ಸ್ವಲ್ಪ ಸೇರಿತು. ವೈರ್‌ಲೆಸ್ ಕಂಟ್ರೋಲರ್‌ನ ಪರದೆ ನೋಡಿ ವೈರ್‌ಲೆಸ್ ಲ್ಯಾನ್ ಜೋಡಿಸುವುದೂ ಬೇಕು. ಈ 14,500ರ ಕಿಟ್‌ನಲ್ಲಿ ಕಂಟ್ರೋಲರ್ ಎಲ್ಲಿದೆ?

ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್) ಹಾಕಿಕೊ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ. ನಿನ್ನ 4 ಜಿಬಿಯಲ್ಲೇ ಓಡುತ್ತದೆ. 2911 ರೂಟರ್, 2960 ಸ್ವಿಚ್, ಲೇಯರ್ 3 ಸ್ವಿಚ್, ವೈರ್‌ಲೆಸ್ ಕಂಟ್ರೋಲರ್ ಎಲ್ಲ ಅದರೊಳಗೇ ಇವೆ. ಮೂರು ತಿಂಗಳು ಅದರಲ್ಲೇ ಉಜ್ಜು. ಆಮೇಲೆ ಏನಾದರೂ ಕೊಳ್ಳಬೇಕು ಅನ್ನಿಸಿದರೆ ಮಾತಾಡೋಣ.

ರಾಯಚೂರು_ಬಿಸಿಲು (10:58)

ಅಣ್ಣಾರ ಮಾತಿಗೆ ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ನಾನು ಕಿಟ್ ತಗೊಂಡು ಕಲಿತವನು. ಪ್ಯಾಕೆಟ್ ಟ್ರೇಸರ್‌ನಲ್ಲಿ ಮೌಸ್ ಎಳೆದರೆ ಕೇಬಲ್ ಸೇರಿಕೊಳ್ಳುತ್ತದೆ. ನಿಜವಾದ ಬಾಕ್ಸ್‌ನಲ್ಲಿ ಕೇಬಲ್ ಸರಿಯಾಗಿ ಕೂತಿಲ್ಲ ಅಂದರೆ ಲೈಟ್ ಹತ್ತುವುದಿಲ್ಲ. ಆಗ ಬೆವರು ಬರುತ್ತದಲ್ಲ, ಆ ಬೆವರೇ ಪಾಠ.

ಮೊದಲ ಕೆಲಸಕ್ಕೆ ಹೋದಾಗ ಜೊತೆಯವನಿಗೆ ಕನ್ಸೋಲ್ ಕೇಬಲ್ ಯಾವುದು ಅಂತಾನೇ ಗೊತ್ತಿರಲಿಲ್ಲ. ಸರ್ಟಿಫಿಕೇಟ್ ಇತ್ತು. ತಿಳಿ ನೀಲಿ ಬಣ್ಣದ ಚಪ್ಪಟೆ ವೈರನ್ನು ಎತ್ತಿ 'ಇದು ಟೆಲಿಫೋನ್‌ದಾ ಸರ್?' ಅಂದ.

ಆದರೆ ಬಿಸಿಲಿನ ಕಥೆಯನ್ನೂ ಹೇಳಬೇಕು. ನಮ್ಮ ಮನೆಯ ಮೇಲೆ ಶೀಟಿನ ರೂಮಿತ್ತು. ಮೂರು ರೂಟರ್, ಎರಡು ಸ್ವಿಚ್ ಅಲ್ಲೇ ಒಂದರ ಮೇಲೊಂದು ಪೇರಿಸಿ ಇಟ್ಟೆ. ಚಳಿಗಾಲದಲ್ಲಿ ಸೂಪರ್. ಏಪ್ರಿಲ್ ಬಂತು. ಮಧ್ಯಾಹ್ನ ಎರಡಕ್ಕೆ ಒಎಸ್‌ಪಿಎಫ್ ನೇಬರ್ (ಪಕ್ಕದ ರೂಟರ್ ಜೊತೆಗಿನ ಸಂಪರ್ಕ) ಎದ್ದು ಬಿದ್ದು ಮಾಡುತ್ತಿತ್ತು. ನನ್ನ ಕಾನ್ಫಿಗ್ ತಪ್ಪು ಅಂತ ಎರಡು ದಿನ ತಲೆ ಕೆರೆದುಕೊಂಡೆ. ಹೆಲೋ ಟೈಮರ್ ನೋಡಿದೆ, ಏರಿಯಾ ನಂಬರ್ ನೋಡಿದೆ, ಎಲ್ಲ ಸರಿ. ಕೊನೆಗೆ ಮೇಲೆ ಕೈ ಇಟ್ಟರೆ ರೊಟ್ಟಿ ಹಂಚು! ರೂಟರ್ ತಾನೇ ಬಂದ್ ಆಗಿ ತಾನೇ ಏಳುತ್ತಿತ್ತು. 1841ಕ್ಕೆ ಕಂಪನಿ ಹೇಳಿರುವ ಮಿತಿ 40 ಡಿಗ್ರಿ. ರಾಯಚೂರಿನಲ್ಲಿ ಬೇಸಿಗೆಗೆ ಹೊರಗೇ ಅದಕ್ಕಿಂತ ಜಾಸ್ತಿ ಇರುತ್ತದೆ, ಶೀಟಿನ ಕೆಳಗೆ ಕೇಳಬೇಕಾ?

ಸುಮ್ನೆ_ಓದುವವ (11:04)

ರೊಟ್ಟಿ ಹಂಚಿನ ಮೇಲೆ ಒಎಸ್‌ಪಿಎಫ್. ಚೆನ್ನಾಗಿದೆ.

ಸಿರುಗುಪ್ಪ_ಸ್ವಿಚ್ (ಭಾನುವಾರ ಬೆಳಿಗ್ಗೆ 7:15)

ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳೂ ಪ್ರತಿ ವರ್ಷ ಇದೇ ಪ್ರಶ್ನೆ ತರುತ್ತಾರೆ.

ಪ್ಯಾಕೆಟ್ ಟ್ರೇಸರ್ ಒಂದು ನಟನೆ, ಅದು ನಿಜವಾದ ಐಒಎಸ್ ಅಲ್ಲ. ಪ್ರಶ್ನೆ ಗುರುತು ಒತ್ತಿ ನೋಡಿ, ನಿಜವಾದ ಬಾಕ್ಸ್‌ನಲ್ಲಿ ಬರುವಷ್ಟು ಆಯ್ಕೆಗಳು ಅದರಲ್ಲಿ ಬರುವುದಿಲ್ಲ. ಆದರೆ ಈ ಪರೀಕ್ಷೆಗೆ ಅದು ಸಾಕು. ಇನ್ನೂ ಆಳಕ್ಕೆ ಹೋಗಬೇಕು ಅನ್ನಿಸಿದಾಗ ನಿಜವಾದ ಐಒಎಸ್ಸನ್ನೇ ಕಂಪ್ಯೂಟರಿನಲ್ಲಿ ಓಡಿಸುವ ಸಿಎಂಎಲ್ ನೋಡಿ. ಅದು ಸಿಸ್ಕೋದವರದೇ. ಪುಕ್ಕಟೆ ಆವೃತ್ತಿಯಲ್ಲಿ ಐದು ಡಿವೈಸ್ ತನಕ ಓಡಿಸಬಹುದು. ಇಮೇಜ್‌ಗಳು ಅದರ ಜೊತೆಗೇ ಬರುತ್ತವೆ, ಎಲ್ಲಿಂದಲೋ ಕದ್ದು ತರಬೇಕಾಗಿಲ್ಲ. ಜಿಎನ್‌ಎಸ್3, ಈವ್-ಎನ್‌ಜಿ ಕೂಡ ಒಳ್ಳೆಯವು. ಆದರೆ ಅಲ್ಲಿ ಐಒಎಸ್ ಇಮೇಜ್ ನೀವೇ ತರಬೇಕು, ತೊಡಕು ಅಲ್ಲೇ ಶುರು. 'ಯಾರೋ ಕಳಿಸಿದ ಲಿಂಕ್' ಅಂತ ಡೌನ್‌ಲೋಡ್ ಮಾಡಿ ವೈರಸ್ ಬರಿಸಿಕೊಂಡವರನ್ನು ನೋಡಿದ್ದೇನೆ.

ಒಂದೇ ಅಡ್ಡಿ: ಸಿಎಂಎಲ್‌ಗೇ 8 ಜಿಬಿ ಮೆಮೊರಿ ಬಿಟ್ಟುಕೊಡಬೇಕು. ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 16 ಇದ್ದರೆ ಆರಾಮ. 4 ಜಿಬಿಯಲ್ಲಿ ಪ್ರಯತ್ನವನ್ನೂ ಮಾಡಬೇಡಿ.

ಕುಷ್ಟಗಿ_ಕ್ರಿಂಪ್ (8:40)

ನನ್ನದು ಬೇರೆ ದಾರಿ. ಕುಷ್ಟಗಿ ಕಡೆ ಸಣ್ಣ ಇಂಟರ್ನೆಟ್ ಆಪರೇಟರ್ ಹತ್ತಿರ ಕೆಲಸ. ನಮ್ಮ ಕಡೆ ಯಾವ ಆಪರೇಟರ್ ಆಫೀಸಿಗೆ ಹೋದರೂ ಮೈಕ್ರೋಟಿಕ್ ಕಂಪನಿಯ ರೂಟರ್ ಕೂತಿರುತ್ತದೆ. ಒಂದು ಸಣ್ಣ ಮೈಕ್ರೋಟಿಕ್ ಬಾಕ್ಸ್ ಹೊಸದೇ ತಗೊಳ್ಳಿ. ಅದರಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ವಿಂಗಡಿಸುವುದು), ಒಎಸ್‌ಪಿಎಫ್, ನ್ಯಾಟ್, ಫೈರ್‌ವಾಲ್ ಎಲ್ಲ ಇದೆ. ಫ್ಯಾನ್ ಇಲ್ಲ, ಸದ್ದಿಲ್ಲ, ಮೊಬೈಲ್ ಚಾರ್ಜರ್‌ನಷ್ಟು ಕರೆಂಟ್. ಲ್ಯಾಪ್‌ಟಾಪ್‌ನಲ್ಲೇ ಓಡಿಸಲು ಸಿಎಚ್‌ಆರ್ ಅಂತ ಇದೆ, ಪುಕ್ಕಟೆ ಲೈಸೆನ್ಸ್‌ನಲ್ಲಿ 1 ಎಂಬಿಪಿಎಸ್ ವೇಗ ಅಷ್ಟೇ. ಲ್ಯಾಬ್‌ಗೆ ಅಷ್ಟು ಸಾಕಲ್ವಾ?

ಕೌಲ್‌ಬಜಾರ್_ಕೇಬಲ್ (9:10)

ಕೆಲಸಕ್ಕೆ ಸರಿ, ಪರೀಕ್ಷೆಗೆ ಅಲ್ಲ. ಇವನು ಬರೆಯುವುದು ಸಿಸ್ಕೋ. ಪರೀಕ್ಷೆಯ ಲ್ಯಾಬ್ ಪ್ರಶ್ನೆಯಲ್ಲಿ ಕೈ ತಾನಾಗಿ ಸಿಸ್ಕೋ ಕಮಾಂಡ್ ಹೊಡೆಯಬೇಕು. ಎರಡು ಭಾಷೆ ಒಟ್ಟಿಗೆ ಕಲಿತರೆ ಎರಡೂ ತೊದಲುತ್ತವೆ.

ಕುಷ್ಟಗಿ_ಕ್ರಿಂಪ್ (9:16)

ಸರಿ ಬಿಡಿ ಅಣ್ಣ. ಆದರೆ ಗಂಗಾವತಿ ತಮ್ಮನಿಗೆ ಊರಲ್ಲೇ ಕೆಲಸ ಬೇಕಿದ್ದರೆ ಸಿಸಿಎನ್‌ಎ ಆದ ಮರುದಿನ ಇದನ್ನು ಶುರು ಮಾಡಲಿ.

ಗಂಗಾವತಿ_ಗೆಳೆಯ (1:20)

ಎಲ್ಲ ಓದಿದೆ. ಅಡ್ವಾನ್ಸ್ ಹಾಕಲಿಲ್ಲ. ಅವರಿಗೆ ಸಿಟ್ಟು ಬಂದಿದೆ, ಬರಲಿ.

ಈಗ ಒಂದು ವಿಷಯ ಕೇಳಬೇಕು. ಪರೀಕ್ಷೆ ಫೀಜು ಎಷ್ಟು ಅಂತ ಇವತ್ತೇ ಸರಿಯಾಗಿ ನೋಡಿದೆ. 300 ಡಾಲರ್, ಮೇಲೆ 18% ಜಿಎಸ್‌ಟಿ. ರೂಪಾಯಿಯಲ್ಲಿ 30 ಸಾವಿರದ ಹತ್ತಿರ ಬರುತ್ತದೆ. ಅಂದರೆ ನನ್ನ ಹತ್ತಿರ ಇರುವುದರ ಡಬಲ್. ಫೇಲಾದರೆ ಮತ್ತೆ ಅಷ್ಟೇ. ಹೀಗಿರುವಾಗ ಲ್ಯಾಬ್‌ಗೆ ಒಂದು ರೂಪಾಯಿಯಾದರೂ ಹಾಕಬೇಕಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಸಿರುಗುಪ್ಪ_ಸ್ವಿಚ್ (2:05)

ಸರಿಯಾದ ಪ್ರಶ್ನೆ. ಎಲ್ಲರೂ ರೂಟರ್ ಲೆಕ್ಕ ಹಾಕುತ್ತಾರೆ, ಫೀಜಿನ ಲೆಕ್ಕ ಕೊನೆಗೆ ಹಾಕುತ್ತಾರೆ. ಆಮೇಲೆ ರೂಟರ್ ಮಾರಿ ಫೀಜು ಕಟ್ಟುತ್ತಾರೆ. ಮಾರುವಾಗ ಕೊಂಡ ಬೆಲೆಯ ಅರ್ಧವೂ ಬರುವುದಿಲ್ಲ.

ಮನೆಯಲ್ಲಿ ಹೇಳಿ ಅಪ್ಪಾ. 30 ಸಾವಿರದ ವಿಷಯ ಮುಚ್ಚಿಟ್ಟುಕೊಂಡು ಓದಿದರೆ ತಲೆಗೆ ಹತ್ತುವುದಿಲ್ಲ.

ಕೌಲ್‌ಬಜಾರ್_ಕೇಬಲ್ (3:30)

ಹಾಗಾದರೆ ಲೆಕ್ಕ ತಿರುಗಿಸೋಣ. ಫೀಜಿಗೆ ಮೊದಲು ರೊಕ್ಕ, ಲ್ಯಾಬ್‌ಗೆ ಉಳಿದದ್ದು. ಆದರೆ ರಾಯಚೂರಿನವರ ಮಾತಿನಲ್ಲೂ ಹುರುಳಿದೆ, ಕೈ ಮುಟ್ಟದೆ ಕೆಲವು ಬರುವುದಿಲ್ಲ. ಬರದೇ ಇರುವುದು ಯಾವುದು? ರೂಟಿಂಗ್ ಅಲ್ಲ. ಒಎಸ್‌ಪಿಎಫ್ ನಟನೆಯಲ್ಲೂ ಒಎಸ್‌ಪಿಎಫ್ಫೇ. ಬಾಕ್ಸ್‌ಗೆ ಕನ್ಸೋಲ್ ಹಾಕುವುದು, ಪಾಸ್‌ವರ್ಡ್ ಗೊತ್ತಿಲ್ಲದ ಸ್ವಿಚ್ ತೆರೆಯುವುದು, ಲೂಪ್ ಆದಾಗ ಎಲ್ಲ ಲೈಟು ಒಟ್ಟಿಗೆ ಮಿಣುಕುವುದನ್ನು ಕಣ್ಣಾರೆ ನೋಡುವುದು, ಇವು ಕೈಯಿಂದಲೇ ಬರಬೇಕು. ಅದಕ್ಕೆ ಮೂರು ರೂಟರ್ ಬೇಡ. ಎರಡು 2960 ಸ್ವಿಚ್, ಒಂದು ಒಳ್ಳೇ ಕನ್ಸೋಲ್ ಕೇಬಲ್. ಮುಗೀತು.

ಸ್ವಿಚ್ ಯಾಕೆ ಎರಡು? ಒಂದರಲ್ಲಿ ಟ್ರಂಕ್ (ಹಲವು ವಿಲ್ಯಾನ್ ಒಂದೇ ಕೇಬಲ್‌ನಲ್ಲಿ) ಆಗುವುದಿಲ್ಲ, ಈಥರ್‌ಚಾನಲ್ (ಎರಡು ಕೇಬಲ್ ಸೇರಿಸಿ ಒಂದೇ ಲಿಂಕ್) ಆಗುವುದಿಲ್ಲ, ಸ್ಪ್ಯಾನಿಂಗ್ ಟ್ರೀ (ಲೂಪ್ ತಡೆಯುವುದು) ಸರಿಯಾಗಿ ಕಾಣುವುದಿಲ್ಲ.

ಕ್ರಿಂಪಿಂಗ್ ಟೂಲು, ಟೆಸ್ಟರ್, ಕನೆಕ್ಟರ್ ನಿನ್ನ ಅಂಗಡಿಯಲ್ಲೇ ಇವೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದನ್ನು ನಿನಗೆ ನಾನು ಹೇಳಬೇಕಾ! ಕೋಚಿಂಗ್‌ನವರು ಹೇಳಿದ 'ಮುಟ್ಟದವನು' ನೀನಲ್ಲ. ದಿನಾ ಮುಟ್ಟುತ್ತಿದ್ದೀಯ. ತುಂಡು ಕೇಬಲ್ ಮಾತ್ರ ಪೂರ್ತಿ ತಾಮ್ರದ್ದು ಆರಿಸಿಕೊ. ಅಲ್ಯೂಮಿನಿಯಂಗೆ ತಾಮ್ರ ಬಳಿದಿರುವುದು ಬೇಡ.

ರ‍್ಯಾಮ್ ಕೂಡ ನಿಮ್ಮ ಮಾಲೀಕರ ಮೂಲಕ ತರಿಸು, ಅಂಗಡಿ ರೇಟಿಗೆ ಸಿಗುತ್ತದೆ. ಸದ್ಯಕ್ಕೆ 8ಕ್ಕೆ ಏರಿಸಿದರೂ ಸಾಕು, ಸಿಎಂಎಲ್ ಆಮೇಲೆ ನೋಡಿಕೊಳ್ಳಬಹುದು.

ಗಂಗಾವತಿ_ಗೆಳೆಯ (3:48)

ಅಣ್ಣ, 2960 ಕೊಳ್ಳುವಾಗ ಏನು ನೋಡಬೇಕು? ನೂರೆಂಟು ಮಾಡೆಲ್ ತೋರಿಸುತ್ತಿದೆ.

ಕೌಲ್‌ಬಜಾರ್_ಕೇಬಲ್ (4:25)

ಮಾಡೆಲ್ ನಂಬರಿನ ಕೊನೆಯ ಅಕ್ಷರ ನೋಡು. 24ಟಿಟಿ-ಎಲ್ ಅಂತಿದ್ದರೆ ಲ್ಯಾನ್ ಬೇಸ್. ಕೊನೆಗೆ ಎಸ್ ಇದ್ದರೆ ಲ್ಯಾನ್ ಲೈಟ್, ಅದರಲ್ಲಿ ಸೌಲಭ್ಯ ಕಡಿಮೆ. ಎಲ್ ಇರುವುದೇ ತಗೊ. ಲ್ಯಾನ್ ಬೇಸ್‌ನಲ್ಲಿ ಐಒಎಸ್ 12.2(55) ಅಥವಾ ಅದಕ್ಕಿಂತ ಹೊಸದಿದ್ದರೆ ಇನ್ನೊಂದು ಲಾಭ. ಎಸ್‌ಡಿಎಂ ಟೆಂಪ್ಲೇಟ್ (ಸ್ವಿಚ್ ತನ್ನ ಮೆಮೊರಿ ಹಂಚುವ ರೀತಿ) ಬದಲಿಸಿ ರೀಲೋಡ್ ಮಾಡಿದರೆ ವಿಲ್ಯಾನ್‌ಗಳ ನಡುವೆ ರೂಟಿಂಗ್ ಮಾಡುತ್ತದೆ. ಸ್ಟ್ಯಾಟಿಕ್ ರೂಟ್ 16 ಹಾಕಬಹುದು. ಒಎಸ್‌ಪಿಎಫ್ ಇಲ್ಲ, ಇರಲಿ.

ಮಾರುವವನಿಗೆ 'ಶೋ ವರ್ಷನ್' ಹೊಡೆದ ಫೋಟೋ ಕಳಿಸು ಅನ್ನು. ಐಒಎಸ್ ಫೈಲಿನ ಹೆಸರಿನಲ್ಲಿ ಕೆ9 ಇರಬೇಕು. ಇಲ್ಲದಿದ್ದರೆ ಎಸ್‌ಎಸ್‌ಎಚ್ ಇಲ್ಲ. ಫೋಟೋ ಕಳಿಸಲು ತಕರಾರು ಮಾಡಿದರೆ ಮುಂದಿನ ಅಂಗಡಿಗೆ ಹೋಗು.

'ಪಾಸ್‌ವರ್ಡ್ ಗೊತ್ತಿಲ್ಲ ಸರ್' ಅಂದರೆ ಹೆದರಬೇಡ. ಇನ್ನೂರು ಕಡಿಮೆ ಮಾಡಿಸು. ಅದನ್ನು ತೆರೆಯುವುದೇ ನಿನ್ನ ಮೊದಲ ಲ್ಯಾಬ್.

ರಾಯಚೂರು_ಬಿಸಿಲು (5:02)

ಎರಡು ಮಾತು ನನ್ನದೂ.

ಸಾಧ್ಯವಾದರೆ ಕಣ್ಣಾರೆ ನೋಡಿ ಕೊಳ್ಳಿ. ನಮಗೆ ರಾಯಚೂರಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ನಿಮಗೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಎಸ್.ಪಿ. ರೋಡ್. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಬಂದ್ ಇರುತ್ತವೆ. ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ಸ್ವಿಚ್‌ನಲ್ಲಿ 24 ಪೋರ್ಟಲ್ಲಿ ಏಳು ಸತ್ತಿದ್ದವು. 'ಟೆಸ್ಟೆಡ್' ಅಂತ ಸ್ಟಿಕರ್ ಮಾತ್ರ ಹೊಸದಾಗಿತ್ತು.

ಎರಡನೆಯದು ಅರ್ಥಿಂಗ್. ಇದನ್ನು ಯಾರೂ ಹೇಳುವುದಿಲ್ಲ. ಈ ಬಾಕ್ಸ್‌ಗಳ ಮೈ ಪೂರ್ತಿ ಕಬ್ಬಿಣ. ಹಳೇ ಮನೆಯ ಎರಡು ಪಿನ್ ಸಾಕೆಟ್‌ಗೆ ಕನ್ವರ್ಟರ್ ಹಾಕಿ ಚುಚ್ಚಿದರೆ ಮುಟ್ಟಿದಾಗ ಕೈ ಜುಂ ಅನ್ನುತ್ತದೆ. ಮೂರು ಪಿನ್ನು, ಸರಿಯಾದ ಅರ್ಥ್ ಇರುವ ಸಾಕೆಟ್‌ಗೇ ಹಾಕಿ. ವೈರ್ ಬೇರೆ ಕೊಳ್ಳಬೇಕಾಗಿಲ್ಲ, ಡೆಸ್ಕ್‌ಟಾಪ್ ಕಂಪ್ಯೂಟರಿನದೇ ಆಗುತ್ತದೆ.

ಗಂಗಾವತಿ_ಗೆಳೆಯ (5:20)

ಕರೆಂಟ್ ಬಿಲ್ ಜಾಸ್ತಿ ಬರುತ್ತದಾ? ಅಪ್ಪ ಅದನ್ನೇ ಮೊದಲು ಕೇಳುವುದು. ಇನ್ನೊಂದು, 3560 ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ) ಸ್ವಿಚ್ ಸ್ವಲ್ಪ ಜಾಸ್ತಿ ರೇಟಿಗೆ ಇದೆ. ಕ್ಯಾಮೆರಾಕ್ಕೂ ಆಗುತ್ತದೆ ಅಂತ ಆಸೆ.

ರಾಯಚೂರು_ಬಿಸಿಲು (5:31)

2960 ಒಂದು ಸುಮಾರು 30 ವ್ಯಾಟ್. ಎರಡಕ್ಕೆ 60. ದಿನಾ ಮೂರು ತಾಸು ಅಂದರೆ ತಿಂಗಳಿಗೆ ಐದೂವರೆ ಯೂನಿಟ್. ಅಪ್ಪನಿಗೆ ಟಿವಿ ಅಂತ ಹೇಳಿ.

ಪಿಒಇ ಆಸೆ ಬಿಡಿ. 24 ಪೋರ್ಟಿನ 3560 ಕ್ಯಾಮೆರಾಗಳಿಗೇ 370 ವ್ಯಾಟ್ ತನಕ ಕೊಡುವ ಬಾಕ್ಸ್. ಅದರ ಫ್ಯಾನಿನ ಸದ್ದು ಕೇಳಿದರೆ ಓಣಿಯವರು ಹಿಟ್ಟಿನ ಗಿರಣಿ ಶುರುವಾಯಿತು ಅಂತ ಜೋಳ ಹೊತ್ತು ತರುತ್ತಾರೆ. ಸದ್ದೇ ಬೇಡ ಅಂದರೆ ಎಂಟು ಪೋರ್ಟಿನ 2960 ಇದೆ, ಅದಕ್ಕೆ ಫ್ಯಾನೇ ಇಲ್ಲ. ಧೂಳೂ ಕಡಿಮೆ ಹೋಗುತ್ತದೆ. ಸಿಗುವುದು ಅಪರೂಪ.

ಕುಷ್ಟಗಿ_ಕ್ರಿಂಪ್ (6:10)

ಕನ್ಸೋಲ್ ಕೇಬಲ್‌ಗೆ ಜಿಪುಣತನ ಮಾಡಬೇಡಿ. ತೀರಾ ಅಗ್ಗದ ಯುಎಸ್‌ಬಿ ಕೇಬಲ್‌ಗಳಲ್ಲಿ ನಕಲಿ ಪ್ರೊಲಿಫಿಕ್ ಚಿಪ್ ಇರುತ್ತದೆ. ಹೊಸ ವಿಂಡೋಸ್‌ನಲ್ಲಿ ಕೋಡ್ 10 ಅಂತ ಎರರ್ ಕೊಟ್ಟು ಕೂರುತ್ತದೆ. ಎಫ್‌ಟಿಡಿಐ ಚಿಪ್ ಇರುವುದು ಕೇಳಿ ತಗೊಳ್ಳಿ.

ಗಂಗಾವತಿ_ಗೆಳೆಯ (ಮೂರು ವಾರದ ನಂತರ, ಗುರುವಾರ ರಾತ್ರಿ 10:15)

ಎಲ್ಲರಿಗೂ ಶರಣು. ಅಪ್ಡೇಟ್ ಕೊಡುತ್ತಿದ್ದೇನೆ.

ಮಾಲೀಕರು ಬೆಂಗಳೂರಿಗೆ ಸಾಮಾನು ತರಲು ಹೊರಟಿದ್ದರು, ಜೊತೆಗೆ ಹೋದೆ. ಎರಡು 2960-24ಟಿಟಿ-ಎಲ್, ಒಂದಕ್ಕೆ 2,800, ಇನ್ನೊಂದು ಪಾಸ್‌ವರ್ಡ್ ಗೊತ್ತಿಲ್ಲದ್ದು 2,400. ಎರಡರಲ್ಲೂ ಕೆ9 ಇದೆ ಅಂದರು. ಕನ್ಸೋಲ್ ಕೇಬಲ್ 900. ರ‍್ಯಾಮ್ ಮಾಲೀಕರೇ ಹಳೇ ಲ್ಯಾಪ್‌ಟಾಪ್‌ದು ಬಿಚ್ಚಿ ಕೊಟ್ಟರು, ರೊಕ್ಕ ಬೇಡ ಅಂದರು. 15 ಸಾವಿರದಲ್ಲಿ 8,900 ಉಳಿದಿದೆ. ಅದನ್ನು ಅವ್ವನ ಕೈಗೆ ಕೊಟ್ಟು 'ಫೀಜಿಂದು, ನಾನು ಕೇಳಿದರೂ ಕೊಡಬೇಡ' ಅಂದಿದ್ದೇನೆ. ಮನೆಯಲ್ಲಿ ಹೇಳಿದೆ, ಅಪ್ಪ ಅಷ್ಟೇನೂ ಬೈಯಲಿಲ್ಲ.

ಈಗ ಸಮಸ್ಯೆ. ಮೊದಲನೇ ಸ್ವಿಚ್‌ಗೆ ಕನ್ಸೋಲ್ ಹಾಕಿ ಪುಟ್ಟಿ (ಕಮಾಂಡ್ ಹೊಡೆಯುವ ಸಾಫ್ಟ್‌ವೇರ್) ತೆರೆದೆ. ವೇಗ 9600 ಕೊಟ್ಟಿದ್ದೇನೆ. ಬರುವುದೆಲ್ಲ ಚೌಕ, ಪ್ರಶ್ನೆ ಗುರುತು, ಕಸ. ಸ್ವಿಚ್ ಹೋಯಿತಾ?

ಕೌಲ್‌ಬಜಾರ್_ಕೇಬಲ್ (10:22)

ಹೋಗಿಲ್ಲ. ಕಸ ಬರುತ್ತಿದೆ ಅಂದರೆ ಜೀವ ಇದೆ. ಹಿಂದಿನವರು ಕನ್ಸೋಲ್ ವೇಗ ಬದಲಿಸಿದ್ದಾರೆ. 115200 ಹಾಕಿ ನೋಡು.

ಗಂಗಾವತಿ_ಗೆಳೆಯ (10:26)

ಬಂತು!!

ರಾಯಚೂರು_ಬಿಸಿಲು (10:27)

ಬೆವರು ಬಂತಾ?

ಗಂಗಾವತಿ_ಗೆಳೆಯ (10:29)

ಬಂತು ಅಣ್ಣ. ಕರೆಂಟ್ ಬೇರೆ ಇಲ್ಲ, ಯುಪಿಎಸ್ ಮೇಲೆ ಕೂತಿದ್ದೇನೆ.

ಸಿರುಗುಪ್ಪ_ಸ್ವಿಚ್ (ಶುಕ್ರವಾರ ಬೆಳಿಗ್ಗೆ 7:05)

ಎರಡನೇ ಸ್ವಿಚ್ ಪಾಸ್‌ವರ್ಡ್ ತೆಗೆಯುವ ಮುಂಚೆ ಕ್ರಮ ಬರೆದುಕೊಳ್ಳಿ. ಮುಂದಿನ ಮೋಡ್ ಬಟನ್ ಒತ್ತಿ ಹಿಡಿದು ಪವರ್ ಕೊಡಿ. 'ಸ್ವಿಚ್' ಅನ್ನುವ ಪ್ರಾಂಪ್ಟ್ ಬಂದಾಗ ಫ್ಲ್ಯಾಷ್ ಇನಿಟ್ ಕಮಾಂಡ್ ಕೊಡಿ. ಕಾನ್ಫಿಗ್ ಟೆಕ್ಸ್ಟ್ ಫೈಲಿನ ಹೆಸರು ಬದಲಿಸಿ, ಅಳಿಸಬೇಡಿ. ಆಮೇಲೆ ಬೂಟ್. ರೂಟರ್ ಆಗಿದ್ದರೆ ಇದೇ ಕೆಲಸಕ್ಕೆ ಬೂಟ್ ಆಗುವಾಗ ಬ್ರೇಕ್ ಒತ್ತಿ ರಿಜಿಸ್ಟರನ್ನು 2142ಕ್ಕೆ ಬದಲಿಸುತ್ತೇವೆ, ಮುಗಿದ ಮೇಲೆ 2102ಕ್ಕೆ ವಾಪಸ್ ತರುತ್ತೇವೆ. ಎರಡನ್ನೂ ಕಲಸಿಕೊಳ್ಳಬೇಡಿ.

ಗಂಗಾವತಿ_ಗೆಳೆಯ (ರಾತ್ರಿ 9:50)

ಆಯಿತು ಮೇಡಂ. ಮೂರನೇ ಸಲಕ್ಕೆ ಆಯಿತು. ಮೊದಲೆರಡು ಸಲ ಬಟನ್ ಬೇಗ ಬಿಟ್ಟುಬಿಟ್ಟೆ.

ಆದರೆ ಒಂದು ವಿಚಿತ್ರ. ಕಾನ್ಫಿಗ್ ಪೂರ್ತಿ ಖಾಲಿ, ಹೋಸ್ಟ್‌ನೇಮ್ ಕೂಡ ಇಲ್ಲ. ಆದರೂ 'ಶೋ ವಿಲ್ಯಾನ್' ಹೊಡೆದರೆ ಯಾರದೋ ಆಫೀಸು ಪೂರ್ತಿ ಕಾಣುತ್ತಿದೆ. ವಿಲ್ಯಾನ್ 20 ಪೇರೋಲ್, 30 ಗೆಸ್ಟ್, 40 ಕ್ಯಾಂಟೀನ್. ನಾನು ಹಾಕಿದ್ದಲ್ಲ. ದೆವ್ವನಾ?

ಕೌಲ್‌ಬಜಾರ್_ಕೇಬಲ್ (9:58)

ದೆವ್ವ ಅಲ್ಲ, ವಿಲ್ಯಾನ್ ಡ್ಯಾಟ್. ವಿಲ್ಯಾನ್‌ಗಳು ಕಾನ್ಫಿಗ್ ಫೈಲಿನಲ್ಲಿ ಇರುವುದಿಲ್ಲ, ಫ್ಲ್ಯಾಷ್‌ನಲ್ಲಿ ಬೇರೆ ಫೈಲಾಗಿ ಕೂತಿರುತ್ತವೆ. ಕಾನ್ಫಿಗ್ ಎಷ್ಟು ಅಳಿಸಿದರೂ ಅವು ಅಲ್ಲೇ. ಫ್ಲ್ಯಾಷ್‌ನಿಂದ ಆ ಫೈಲ್ ಡಿಲೀಟ್ ಮಾಡಿ ರೀಲೋಡ್ ಕೊಡು. ಪ್ಯಾಕೆಟ್ ಟ್ರೇಸರ್‌ನಲ್ಲಿ ಪ್ರತಿ ಸಲ ಹೊಸ ಸ್ವಿಚ್ ಎಳೆದು ತಂದವನಿಗೆ ಇದು ಎದುರಾಗುವುದೇ ಇಲ್ಲ ನೋಡು.

ಗಂಗಾವತಿ_ಗೆಳೆಯ (10:11)

ಡಿಲೀಟ್ ಮಾಡಿದೆ, ರೀಲೋಡ್ ಆಗಿ ಬಂತು. ಈಗ ವಿಲ್ಯಾನ್ 1 ಮತ್ತು ತಾನಾಗಿ ಇರುವ 1002ರಿಂದ 1005 ಮಾತ್ರ ಇವೆ. ಕ್ಯಾಂಟೀನ್ ಹೋಗಿದ್ದಕ್ಕೆ ಬೇಜಾರಾಯಿತು.

ಸುಮ್ನೆ_ಓದುವವ (10:13)

ಪೇರೋಲ್ ಅಳಿಸಿದೆಯಲ್ಲ, ಯಾರ ಸಂಬಳ ನಿಂತಿತೋ.

ಗಂಗಾವತಿ_ಗೆಳೆಯ (10:20)

ನಾಳೆ ಈಥರ್‌ಚಾನಲ್. ಎರಡು ಗಿಗಾಬಿಟ್ ಪೋರ್ಟಿಗೆ ಎರಡು ತುಂಡು ಕೇಬಲ್ ಕ್ರಿಂಪ್ ಮಾಡಿ ಇಟ್ಟಿದ್ದೇನೆ. ಮೊದಲು ಚಾನಲ್ ಹಾಕದೆ ಎರಡೂ ಚುಚ್ಚಿ, ಸ್ಪ್ಯಾನಿಂಗ್ ಟ್ರೀ ಒಂದನ್ನು ಬ್ಲಾಕ್ ಮಾಡುವಾಗ ಲೈಟು ಕಿತ್ತಳೆ ಆಗುತ್ತದಾ ನೋಡಬೇಕು. ಪ್ಯಾಕೆಟ್ ಟ್ರೇಸರ್‌ನಲ್ಲಿ ನೋಡಿದ್ದೇನೆ.